ಜುಮ್ಮೆನ್ನುವ ಹಲ್ಲು, ಕಂದು ಕಲೆ, ಬ್ರಷ್ ಹಿಡಿದ ಕೈ

ಎಣ್ಣೆಯಿಂದ ಆಗತಾನೇ ತೆಗೆದ ಮಿರ್ಚಿ, ಜೊತೆಗೆ ಖಾರ ಮಂಡಕ್ಕಿ. ಬಾಯಿ ಉರಿದಾಗ ಗಟಗಟನೆ ಒಂದು ಲೋಟ ಫ್ರಿಜ್ ನೀರು. ದಾವಣಗೆರೆಯಲ್ಲಿ ಎಷ್ಟೋ ಜನಕ್ಕೆ ತಮ್ಮ ಹಲ್ಲಿನ ಸಂಗತಿ ತಿಳಿಯುವುದೇ ಆ ನೀರಿನ ಮೊದಲ ಗುಟುಕಿಗೆ. ಎಡಗಡೆ ಮೇಲಿನ ಕೋರೆಹಲ್ಲಿನ ಹತ್ತಿರ ಸೂಜಿ ಚುಚ್ಚಿದ ಹಾಗೆ ಜುಮ್ ಅನ್ನುತ್ತದೆ, ಎರಡು ಮೂರು ಸೆಕೆಂಡಿಗೆ ಮಾಯವಾಗುತ್ತದೆ. ಮರುದಿನ ಮೆಡಿಕಲ್ ಶಾಪಿಗೆ ಹೋಗಿ "ಹಲ್ಲು ಜುಮ್ ಅಂತಾವೆ, ಒಂದು ಪೇಸ್ಟ್ ಕೊಡ್ರಿ" ಅನ್ನುವುದು, ನಾಲ್ಕು ದಿನ ಉಜ್ಜುವುದು, ಗುಣ ಕಾಣಲಿಲ್ಲವೆಂದು ಹಳೇ ಪೇಸ್ಟಿಗೆ ಮರಳುವುದು. ಪೇಸ್ಟ್ ಕೆಟ್ಟದ್ದಲ್ಲ. ನಾಲ್ಕು ದಿನಕ್ಕೆ ಅದರಿಂದ ಏನೂ ಆಗುವುದಿಲ್ಲ, ಅಷ್ಟೇ. ಜೊತೆಗೆ, ಆ ಹಲ್ಲನ್ನು ಜುಮ್ಮೆನ್ನುವ ಸ್ಥಿತಿಗೆ ತಂದ ಕೈ ದಿನಾ ಬೆಳಿಗ್ಗೆ ಅದೇ ಕೆಲಸ ಮುಂದುವರಿಸುತ್ತಲೇ ಇರುತ್ತದೆ.

ಹಲ್ಲಿನ ಮೇಲ್ಭಾಗಕ್ಕೆ ಎನಾಮೆಲ್ ಹೊದಿಕೆ ಇದೆ. ನಮ್ಮ ಮೈಯಲ್ಲಿ ಅದಕ್ಕಿಂತ ಗಟ್ಟಿಯಾದ ವಸ್ತು ಇಲ್ಲ. ಅದರಲ್ಲಿ ಜೀವಕೋಶವೂ ಇಲ್ಲ, ನರವೂ ಇಲ್ಲ. ಹಾಗಾಗಿ ಅದಕ್ಕೆ ನೋವಿಲ್ಲ, ಒಮ್ಮೆ ಸವೆದರೆ ಮತ್ತೆ ಬೆಳೆಯುವುದೂ ಇಲ್ಲ. ಅದರ ಕೆಳಗಿರುವುದು ಡೆಂಟಿನ್, ಬಣ್ಣ ಸ್ವಲ್ಪ ಹಳದಿ. ಕಣ್ಣಿಗೆ ಗಟ್ಟಿ ಮೂಳೆಯಂತೆ ಕಂಡರೂ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ತುಂಬಾ ತೂತು. ಒಳಗಿನ ತಿರುಳಿನಿಂದ ಹೊರಗಿನವರೆಗೆ ಸಾಗುವ ಕೊಳವೆಗಳು ಅವು. ತಿರುಳಿನ ಹತ್ತಿರ ಒಂದೇ ಚದರ ಮಿಲಿಮೀಟರಿನಲ್ಲಿ 45,000 ಮತ್ತು ಅದಕ್ಕೂ ಹೆಚ್ಚು ಇರುತ್ತವೆ. ಪ್ರತಿಯೊಂದರ ಒಳಗೂ ನೀರಿನಂಥ ದ್ರವ ತುಂಬಿರುತ್ತದೆ. ತಂಪು ತಾಗಿದಾಗ ಆ ದ್ರವ ಸರ್ರನೆ ಹೊರಮುಖವಾಗಿ ಎಳೆದುಕೊಳ್ಳುತ್ತದೆ. ಬಿಸಿ ತಾಗಿದರೆ ಒಳಮುಖವಾಗಿ ಸರಿಯುತ್ತದೆ. ಬಾಯಿ ತೆರೆದು ಗಾಳಿ ಎಳೆದರೆ ದ್ರವ ಆರಿ ಹೊರಗೆ ಹರಿಯುತ್ತದೆ, ಸಿಹಿ ತಿಂದಾಗ ಸಕ್ಕರೆ ಅದನ್ನು ಹೊರಗೆಳೆಯುತ್ತದೆ. ಈ ಓಡಾಟವೇ ಕೊಳವೆಯ ಒಳತುದಿಯ ನರವನ್ನು ಎಳೆಯುತ್ತದೆ, ಜುಮ್ ಅನ್ನಿಸುತ್ತದೆ. ಸ್ವೀಡನ್ನಿನ ಮಾರ್ಟಿನ್ ಬ್ರಾನ್‌ಸ್ಟ್ರಾಮ್ 1960ರ ದಶಕದಲ್ಲಿ ಪ್ರಯೋಗಗಳಿಂದ ಗಟ್ಟಿಮಾಡಿದ ವಿವರಣೆ ಇದು. ಇವತ್ತಿಗೂ ಬಹುತೇಕ ದಂತವೈದ್ಯರು ಒಪ್ಪುವುದು ಇದನ್ನೇ. ಹೊರಮುಖ ಹರಿವಿಗೆ ನರ ಹೆಚ್ಚು ಬೆಚ್ಚುವುದರಿಂದಲೇ ಬಿಸಿ ಚಹಾಕ್ಕಿಂತ ತಣ್ಣೀರು ಜೋರಾಗಿ ಹೊಡೆಯುವುದು.

ಇಲ್ಲಿ ಒಂದು ಲೆಕ್ಕ ಇದೆ. ಕೊಳವೆಯ ಬಾಯಿ ಎರಡು ಪಟ್ಟು ಅಗಲವಾದರೆ ಅದರಲ್ಲಿ ಹರಿಯುವ ದ್ರವ ಎರಡು ಪಟ್ಟಲ್ಲ, ಹದಿನಾರು ಪಟ್ಟು ಹೆಚ್ಚುತ್ತದೆ. ಬಾಯಿಯ ಅಗಲ ಅರ್ಧಕ್ಕಿಳಿದರೆ ಹರಿವು ಹದಿನಾರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಪೂರ್ತಿ ಮುಚ್ಚಬೇಕೆಂದೇನಿಲ್ಲ, ಒಂದಿಷ್ಟು ಕಿರಿದಾದರೂ ಸಾಕು ಅನ್ನುವುದು ಈ ತೊಂದರೆಯಲ್ಲಿರುವ ದೊಡ್ಡ ಸಮಾಧಾನ.

ಹಾಗಾದರೆ ಡೆಂಟಿನ್ ತೆರೆದುಕೊಳ್ಳುವುದು ಎಲ್ಲಿ? ಹೆಚ್ಚಾಗಿ ಹಲ್ಲಿನ ಕುತ್ತಿಗೆಯಲ್ಲಿ, ಎಂದರೆ ಹಲ್ಲು ಮತ್ತು ವಸಡು ಕೂಡುವ ಜಾಗದಲ್ಲಿ. ಎನಾಮೆಲ್ ಅಲ್ಲಿ ತೆಳುವಾಗುತ್ತಾ ಬಂದು ಮುಗಿಯುತ್ತದೆ. ಅದರ ಕೆಳಗೆ ಬೇರಿನ ಮೇಲಿರುವ ಪದರ ಆ ಭಾಗದಲ್ಲಿ ಮಿಲಿಮೀಟರಿನ ನೂರರಲ್ಲಿ ಎರಡರಿಂದ ಐದು ಪಾಲು ದಪ್ಪ, ಅಷ್ಟೇ. ವಸಡು ಒಂದು ಗೆರೆ ಮೇಲೇರಿದರೂ ಈ ಪದರ ಬ್ರಷ್ಷಿಗೆ ಸಿಕ್ಕಿ ಬೇಗನೆ ಹೋಗಿಬಿಡುತ್ತದೆ.

ಬೆಳಕಿರುವ ಕಿಟಕಿಯ ಹತ್ತಿರ ಕನ್ನಡಿ ಹಿಡಿದು ತುಟಿ ಎತ್ತಿ ನೋಡಿ. ಎಡಗಡೆ ಮೇಲಿನ ಕೋರೆಹಲ್ಲು ಪಕ್ಕದ ಹಲ್ಲುಗಳಿಗಿಂತ ಉದ್ದವಾಗಿ ಕಾಣುತ್ತದೆಯೇ? ಹಲ್ಲು ಬೆಳೆದಿಲ್ಲ, ವಸಡು ಸರಿದಿದೆ. ವಸಡಿನ ಅಂಚಿನಲ್ಲಿ ಬಿಳಿ ಮುಗಿದು ಹಳದಿ ಶುರುವಾಗುವ ಗೆರೆ ಇದ್ದರೆ ಆ ಹಳದಿಯೇ ಡೆಂಟಿನ್. ಈಗ ಉಗುರಿನ ತುದಿಯನ್ನು ಹಲ್ಲಿನ ಮಧ್ಯದಿಂದ ವಸಡಿನ ಕಡೆಗೆ ಹಗುರವಾಗಿ ಜಾರಿಸಿ. ಜಾರುತ್ತಾ ಬಂದ ಉಗುರು ಒಂದು ಕಡೆ ಟಕ್ಕೆಂದು ಸಿಕ್ಕಿಕೊಂಡರೆ ಅಲ್ಲಿ ಕೊಡಲಿಯಿಂದ ಕಚ್ಚು ಹಾಕಿದಂಥ ಗುಳಿ ಬಿದ್ದಿದೆ. ಬಲಗೈಯವರಿಗೆ ಸಾಮಾನ್ಯವಾಗಿ ಎಡಗಡೆ, ಎಡಗೈಯವರಿಗೆ ಬಲಗಡೆ. ಬ್ರಷ್ ಮೊದಲು ಹೋಗುವುದು, ತೋಳಿನ ಬಲ ಪೂರ್ತಿ ಬೀಳುವುದು ಅಲ್ಲೇ. ಕೋರೆಹಲ್ಲು ಮತ್ತು ಅದರ ಹಿಂದಿನ ಎರಡು ಹಲ್ಲು ಬಾಯಿಯ ತಿರುವಿನಲ್ಲಿ ಮುಂದಕ್ಕೆ ಚಾಚಿಕೊಂಡಿರುವುದರಿಂದ ಏಟು ತಿನ್ನುವುದೂ ಅವೇ.

ಇನ್ನು ನಮ್ಮ ಭಾಗದ್ದೇ ಒಂದು ಮಾತು. ಜಗಳೂರು, ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಕುಡಿಯುವ ನೀರಿಗೆ ಭಾರತೀಯ ಮಾನಕ ಹೇಳುವುದು ಲೀಟರಿಗೆ 1 ಮಿಲಿಗ್ರಾಂ, ಬೇರೆ ನೀರಿನ ಮೂಲ ಇಲ್ಲದಿದ್ದರೆ 1.5ರವರೆಗೆ. ಅದನ್ನು ಮೀರಿದ ನೀರು ಕುಡಿದು ಬೆಳೆದ ಮಕ್ಕಳ ಹಲ್ಲಿನ ಮೇಲೆ ಸುಣ್ಣ ಬಳಿದಂಥ ಪಟ್ಟೆ, ಕಂದು ಕಲೆ ಬರುತ್ತದೆ. ಇದಕ್ಕೇ ಫ್ಲೋರೋಸಿಸ್ ಅನ್ನುವುದು. ಈ ಕಲೆ ಕೂತಿರುವುದು ಹಲ್ಲಿನ ಮೇಲಲ್ಲ, ಎನಾಮೆಲ್ಲಿನ ಒಳಗೆ. ಹಲ್ಲು ವಸಡಿನೊಳಗೆ ರೂಪುಗೊಳ್ಳುತ್ತಿದ್ದಾಗಲೇ ಆದ ದೋಷ ಅದು. ಆದರೆ ಮನೆಯಲ್ಲಿ ಎಲ್ಲರೂ ಅದನ್ನು ಕೊಳೆ ಅಂದುಕೊಳ್ಳುತ್ತಾರೆ. "ಸರಿಯಾಗಿ ಉಜ್ಜಲ್ಲ ನೋಡು, ಹೆಂಗಾಗೈತೆ ಹಲ್ಲು" ಅಂತ ಮಗುವಿಗೆ ಬೈಗುಳ ಬೀಳುತ್ತದೆ. ಗಟ್ಟಿ ಬ್ರಷ್ ಬರುತ್ತದೆ, ಅದರ ಮೇಲೆ ಉಪ್ಪು, ಇದ್ದಿಲ ಪುಡಿ, ಬೂದಿ, ಈಚೆಗೆ ಇದ್ದಿಲು ಬೆರೆಸಿದ ಕಪ್ಪು ಪೇಸ್ಟು. ಮದುವೆ ಗೊತ್ತಾದ ಹುಡುಗ ಹುಡುಗಿಯರು ಎರಡು ತಿಂಗಳು ನಿಂಬೆಹಣ್ಣು, ಅಡುಗೆ ಸೋಡಾ ಸೇರಿಸಿ ಉಜ್ಜುವುದೂ ಉಂಟು. ಕಲೆ ಒಂದಿಷ್ಟೂ ಕದಲುವುದಿಲ್ಲ. ಕದಲುವುದು ವಸಡು. ತೀವ್ರ ಫ್ಲೋರೋಸಿಸ್ ಆದ ಎನಾಮೆಲ್ ಮೊದಲೇ ರಂಧ್ರಮಯ, ಅಂಚಿನಲ್ಲಿ ಸಿಪ್ಪೆ ಏಳುತ್ತದೆ. ಅದರ ಮೇಲೆ ಇದ್ದಿಲು ತಿಕ್ಕಿದರೆ ಕಲೆಯ ಜೊತೆಗೆ ಜುಮ್ಮೆನ್ನುವುದೂ ಸೇರಿ ಎರಡು ಕಷ್ಟ. ಕಲೆ ತೆಗೆಸುವ ಆಸೆ ಇದ್ದರೆ ದಂತವೈದ್ಯರು ಮೇಲ್ಪದರವನ್ನು ಅಳತೆಯಿಟ್ಟು ಸವೆಸುವ, ಇಲ್ಲವೇ ಮೇಲೆ ತೆಳು ಹೊದಿಕೆ ಅಂಟಿಸುವ ದಾರಿಗಳಿವೆ. ಬಚ್ಚಲುಮನೆಯಲ್ಲಿ ಮಾಡಿಕೊಳ್ಳುವ ಕೆಲಸ ಅದಲ್ಲ.

ಇದಕ್ಕೆ ಅಂಟಿಕೊಂಡ ಇನ್ನೊಂದು ಗೊಂದಲ: "ನಮ್ಮ ನೀರಲ್ಲೇ ಫ್ಲೋರೈಡ್ ಜಾಸ್ತಿ, ಫ್ಲೋರೈಡ್ ಪೇಸ್ಟ್ ಮತ್ಯಾಕೆ?" ಕಲೆ ಬೀಳುವುದು ಹಲ್ಲು ರೂಪುಗೊಳ್ಳುವ ವಯಸ್ಸಿನಲ್ಲಿ, ಸರಿಸುಮಾರು ಎಂಟು ವರ್ಷದವರೆಗೆ, ಅದೂ ನುಂಗಿದ ಫ್ಲೋರೈಡಿನಿಂದ. ದೊಡ್ಡವರು ಉಜ್ಜಿ ಉಗುಳುವ ಪೇಸ್ಟಿನಿಂದ ಹೊಸ ಕಲೆ ಬರುವುದಿಲ್ಲ. ಜುಮ್ಮೆನ್ನುವ ಹಲ್ಲಿಗೆ ಅದು ಬೇಕೇ ಬೇಕು. ಮಕ್ಕಳ ವಿಷಯ ಬೇರೆ. ಮೂರು ವರ್ಷದೊಳಗಿನವರಿಗೆ ಅಕ್ಕಿಕಾಳಿನಷ್ಟು, ಆರರವರೆಗೆ ಬಟಾಣಿಕಾಳಿನಷ್ಟು, ನುಂಗದಂತೆ ಪಕ್ಕದಲ್ಲಿ ನಿಂತು ಉಜ್ಜಿಸಬೇಕು. ಹಾಂ, ನೀರು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಸಾಂದ್ರವಾಗುತ್ತದೆ. ಮಕ್ಕಳಿರುವ ಮನೆಗೆ ಊರಿನ ಶುದ್ಧ ಕುಡಿಯುವ ನೀರಿನ ಘಟಕದ ಕ್ಯಾನೇ ಸರಿ.

ಉಜ್ಜುವ ರೀತಿಗೆ ಬರೋಣ. ಅರ್ಧ ಚಿಕಿತ್ಸೆ ಇಲ್ಲಿದೆ. ಬ್ರಷ್ ಪ್ಯಾಕಿನ ಮೇಲೆ ಸಾಫ್ಟ್ ಅಥವಾ ಎಕ್ಸ್‌ಟ್ರಾ ಸಾಫ್ಟ್ ಎಂದಿರಬೇಕು. ಮೀಡಿಯಂ ಕೂಡ ಬೇಡ. ಮುಷ್ಟಿ ಕಟ್ಟಿ ಹಿಡಿಯದೆ ಪೆನ್ನು ಹಿಡಿದಂತೆ ಬೆರಳ ತುದಿಯಲ್ಲಿ ಹಿಡಿಯಿರಿ, ಅಷ್ಟಕ್ಕೇ ಒತ್ತಡ ತಾನಾಗಿ ಇಳಿಯುತ್ತದೆ. ಎಳೆಗಳ ತುದಿ ವಸಡಿನ ಅಂಚಿಗೆ ಓರೆಯಾಗಿ, 45 ಡಿಗ್ರಿಯಲ್ಲಿ ಕೂರಲಿ. ಒಂದು ಸಲಕ್ಕೆ ಎರಡು ಮೂರು ಹಲ್ಲು. ಅಲ್ಲಲ್ಲೇ ಚಿಕ್ಕದಾಗಿ ಅಲುಗಿಸಿ, ಆಮೇಲೆ ವಸಡಿನಿಂದ ಹಲ್ಲಿನ ತುದಿಯ ಕಡೆಗೆ ಉರುಳಿಸಿ. ಮೇಲಿನ ಹಲ್ಲಿಗೆ ಕೆಳಕ್ಕೆ, ಕೆಳಗಿನ ಹಲ್ಲಿಗೆ ಮೇಲಕ್ಕೆ. ಗರಗಸ ಆಡಿಸಿದ ಹಾಗೆ ಅಡ್ಡಡ್ಡ ಎಳೆಯುವುದನ್ನು ಬಿಡಬೇಕು. ಗುಳಿ ಕೊರೆಯುವುದೇ ಆ ಎಳೆತ. ಒಟ್ಟು ಎರಡು ನಿಮಿಷ, ದಿನಕ್ಕೆರಡು ಸಲ. ದಿನಾ ಎಡಗಡೆ ಹೊರಭಾಗದಿಂದಲೇ ಶುರುಮಾಡುವ ಅಭ್ಯಾಸವಿದ್ದರೆ ಹಲ್ಲಿನ ಒಳಭಾಗದಿಂದ, ನಾಲಿಗೆ ಕಡೆಯಿಂದ ಆರಂಭಿಸಿ. ಮೊದಲ ಅರ್ಧ ನಿಮಿಷದ ಹುರುಪು ಅಲ್ಲಿ ಖರ್ಚಾಗಲಿ. ಬ್ರಷ್ಷನ್ನು ಮೂರು ತಿಂಗಳಿಗೆ ಬದಲಿಸಬೇಕು. ಮೂರೇ ವಾರದಲ್ಲಿ ಎಳೆಗಳು ಹಳೇ ಪೊರಕೆಯಂತೆ ಎರಡೂ ಬದಿಗೆ ಕೆದರಿಕೊಂಡವೆಂದರೆ ನಿಮ್ಮ ಕೈ ಎಷ್ಟು ಒತ್ತುತ್ತಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಬೇವಿನ ಕಡ್ಡಿಯವರಿಗೂ ಇದೇ ಮಾತು: ತುದಿಯನ್ನು ಚೆನ್ನಾಗಿ ಜಗಿದು ಕುಂಚದಂತೆ ಮೆತ್ತಗೆ ಮಾಡಿ, ಮೇಲಿಂದ ಕೆಳಗೆ ತಿಕ್ಕಿ. ಬಾಯಲ್ಲಿ ತಂಬಾಕಿನ ಕಡ್ಡಿಪುಡಿ ಇಟ್ಟುಕೊಳ್ಳುವವರಿಗಂತೂ ಇಟ್ಟುಕೊಂಡ ಜಾಗದಲ್ಲೇ ವಸಡು ಕೆಳಗಿಳಿಯುತ್ತದೆ. ಅವರಿಗೆ ಹಲ್ಲು ಜುಮ್ಮೆನ್ನುವುದು ಇರುವ ಅಪಾಯಗಳಲ್ಲೆಲ್ಲ ತೀರಾ ಚಿಕ್ಕದು.

ಪೇಸ್ಟು. ಜಾಹೀರಾತು ಬಿಟ್ಟು ಟ್ಯೂಬಿನ ಹಿಂದೆ ಸಣ್ಣಕ್ಷರದಲ್ಲಿರುವುದನ್ನು ಓದಿ. ಕೆಲಸ ಮಾಡುವ ಸಾಮಾನು ಎರಡು ಬಗೆ. ಒಂದು, ನರವನ್ನು ಶಾಂತ ಮಾಡುವಂಥದ್ದು: ಪೊಟ್ಯಾಸಿಯಂ ನೈಟ್ರೇಟ್, ಸಾಮಾನ್ಯವಾಗಿ ಶೇಕಡಾ 5. ನಮ್ಮ ಭಾಷೆಯ ಪೆಟ್ಲುಪ್ಪು ಇದೇ. ಚಿತ್ರದುರ್ಗದ ಕೋಟೆಯಲ್ಲಿ ಮದ್ದು ಬೀಸುವ ಕಲ್ಲು ನೋಡಿದವರಿಗೆ ಗೊತ್ತು. ಅಲ್ಲಿ ಬೀಸುತ್ತಿದ್ದ ಕೋವಿಮದ್ದಿನ ಮುಖ್ಯ ಭಾಗವೂ ಪೆಟ್ಲುಪ್ಪೇ. ಹಾಗೆಂದು ಅಂಗಡಿಯಿಂದ ತಂದು ಹಲ್ಲಿಗೆ ತಿಕ್ಕಬೇಡಿ ಮತ್ತೆ! ಪೇಸ್ಟಿನಲ್ಲಿರುವ ಪೊಟ್ಯಾಸಿಯಂ ನಿಧಾನಕ್ಕೆ ಕೊಳವೆಯೊಳಗೆ ಇಳಿದು ನರದ ಸುತ್ತ ಕೂಡಿಕೊಳ್ಳಬೇಕು, ಆಗ ನರ ಸುಲಭಕ್ಕೆ ಕೆರಳುವುದಿಲ್ಲ. ಇದಕ್ಕೆ ಎರಡರಿಂದ ನಾಲ್ಕು ವಾರ ಹಿಡಿಯುತ್ತದೆ, ಕೆಲವರಿಗೆ ಎಂಟು. ನಿಲ್ಲಿಸಿದರೆ ಗುಣವೂ ನಿಧಾನಕ್ಕೆ ಇಳಿಯುತ್ತದೆ.

ಇನ್ನೊಂದು ಬಗೆ, ಕೊಳವೆಯ ಬಾಯಿಗೆ ಬಿರಡೆ ಹಾಕುವಂಥದ್ದು: ಸ್ಟ್ಯಾನಸ್ ಫ್ಲೋರೈಡ್, ಅರ್ಜಿನೈನ್, ಕ್ಯಾಲ್ಸಿಯಂ ಸೋಡಿಯಂ ಫಾಸ್ಫೊಸಿಲಿಕೇಟ್, ಸ್ಟ್ರಾನ್ಷಿಯಂ ಉಪ್ಪುಗಳು. ವಸಡು ಸರಿದು ಹಳದಿ ಗೆರೆ ಕಾಣುವವರಿಗೆ ಮೊದಲು ಹೇಳಬೇಕಾದದ್ದು ಈ ಬಗೆಯನ್ನು. ಅರ್ಜಿನೈನ್ ಇರುವುದನ್ನು ಬೆರಳ ತುದಿಯಲ್ಲಿ ಜುಮ್ಮೆನ್ನುವ ಜಾಗಕ್ಕೆ ಒಂದು ನಿಮಿಷ ಉಜ್ಜಿದರೆ ಆಗಲೇ ಸ್ವಲ್ಪ ವ್ಯತ್ಯಾಸ ತಿಳಿಯುತ್ತದೆ. ಸ್ಟ್ಯಾನಸ್ ಫ್ಲೋರೈಡಿನಿಂದ ಕೆಲವರಿಗೆ ಹಲ್ಲಿನ ಮೇಲೆ ತೆಳು ಕಂದು ಛಾಯೆ ಬರಬಹುದು. ಅದು ಕ್ಲೀನಿಂಗಿಗೆ ಹೋಗುತ್ತದೆ. ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ಈ ಪೇಸ್ಟುಗಳನ್ನು ವೈದ್ಯರು ಹೇಳದೆ ಕೊಡಬೇಡಿ. ಬಿಳುಪು ಮಾಡುತ್ತೇವೆ ಎನ್ನುವ ಪೇಸ್ಟನ್ನು ಇದರ ಜೊತೆ ಬಳಸಲೇಬೇಡಿ. ಅವುಗಳಲ್ಲಿ ಬಹಳಷ್ಟಕ್ಕೆ ತರಿ ಹೆಚ್ಚು. ಒಂದು ಕಟ್ಟಿದ ಬಿರಡೆಯನ್ನು ಇನ್ನೊಂದು ಕೆರೆಯುತ್ತದೆ.

ಜನ ಹೆಚ್ಚು ಎಡವುವುದು ಉಜ್ಜಿದ ಮೇಲೆ. ಪೇಸ್ಟ್ ಉಗುಳಿ, ನಾಲ್ಕು ಸಲ ಬಾಯಿ ತುಂಬ ನೀರು ಹಾಕಿ ಗಳಗಳ ಮುಕ್ಕಳಿಸುತ್ತೇವೆ. ಅಲ್ಲಿಗೆ ಕೊಟ್ಟ ದುಡ್ಡು ಸಿಂಕಿಗೆ ಹೋಯಿತು. ಬರೀ ಉಗುಳಿ, ತುಟಿ ಒರೆಸಿಕೊಂಡು ಬಿಡಿ. ಬಾಯಿ ಅಂಟಂಟು ಅನ್ನಿಸುವುದು ಮೊದಲ ವಾರ ಮಾತ್ರ. ರಾತ್ರಿ ಉಜ್ಜಿದ ಮೇಲೆ ಬಟಾಣಿಯ ಅರ್ಧದಷ್ಟು ಪೇಸ್ಟನ್ನು ಬೆರಳಲ್ಲಿ ತೆಗೆದು ಹಳದಿ ಗೆರೆಯ ಮೇಲೆ ಸವರಿ ಮಲಗಿ. ನಿದ್ದೆಯಲ್ಲಿ ಎಂಜಲು ಕಡಿಮೆ ಊರುವುದರಿಂದ ಪೇಸ್ಟ್ ಅಲ್ಲೇ ನಿಲ್ಲುತ್ತದೆ. ಚಳಿಗಾಲದಲ್ಲಿ ತಣ್ಣೀರು ಬಾಯಿಗಿಡಲು ಆಗದವರು ಬ್ರಷ್ ನೆನೆಸಲು ಉಗುರುಬೆಚ್ಚಗಿನ ನೀರು ತೆಗೆದುಕೊಳ್ಳಿ. ಜುಮ್ ಅನ್ನುತ್ತದೆಂದು ಆ ಜಾಗವನ್ನೇ ಉಜ್ಜದೆ ಬಿಟ್ಟರೆ ಅಲ್ಲಿ ಪಾಚಿ ಕಟ್ಟಿ ಮತ್ತಷ್ಟು ಕೆಡುತ್ತದೆ.

ಹುಳಿಯ ವಿಷಯಕ್ಕೆ ನಾಲ್ಕು ಮಾತು. ಹುಳಿಯನ್ನು ಅಳೆಯುವ ಅಂಕಿ ಪಿಎಚ್; ಅಂಕಿ ಇಳಿದಷ್ಟೂ ಹುಳಿ ಹೆಚ್ಚು. ಬಾಯಿಯಲ್ಲಿ ಅದು 5.5ಕ್ಕಿಂತ ಕೆಳಗಿಳಿದರೆ ಎನಾಮೆಲ್ ಕರಗತೊಡಗುತ್ತದೆ. ಡೆಂಟಿನ್ ಅದಕ್ಕೂ ಮೊದಲೇ, ಆರರ ಮೇಲಿದ್ದಾಗಲೇ ಕರಗುತ್ತದೆ. ನಿಂಬೆರಸ ಎರಡರ ಆಸುಪಾಸು, ಕೋಲಾ ಎರಡೂವರೆ. ಬೇಸಿಗೆಯಲ್ಲಿ ಬಸ್ ಸ್ಟ್ಯಾಂಡಿನ ನಿಂಬೆ ಸೋಡಾ ಒಂದೇ ಸಲಕ್ಕೆ ಕುಡಿದು ಮುಗಿಸುವುದಕ್ಕಿಂತ ಹೆಚ್ಚು ಕೆಡುಕು, ಅದನ್ನೇ ಅರ್ಧ ಗಂಟೆ ಗುಟುಕರಿಸುವುದು. ಉಪ್ಪು ಖಾರ ಹಚ್ಚಿದ ಮಾವಿನಕಾಯಿ, ಹುಣಸೆಕಾಯಿ ಚೀಪುವುದೂ ಅಷ್ಟೇ. ಆದರೆ ಮಜ್ಜಿಗೆಗೆ ಹೆದರಬೇಕಿಲ್ಲ. ಹುಳಿಯಿದ್ದರೂ ಅದರಲ್ಲಿ ಕ್ಯಾಲ್ಸಿಯಂ, ಫಾಸ್ಫೇಟ್ ತುಂಬಿರುವುದರಿಂದ ಹಲ್ಲನ್ನು ಹೆಚ್ಚು ಕರಗಿಸುವುದಿಲ್ಲ. ಮಿರ್ಚಿ ಮಂಡಕ್ಕಿಗೆ ಜೊತೆ ಬೇಕೆಂದರೆ ಫ್ರಿಜ್ ನೀರಿಗಿಂತ ತಣಿಯದ ಮಜ್ಜಿಗೆಯೇ ಲೇಸು. ಹುಳಿ ತಿಂದ ಕೂಡಲೇ ಹಲ್ಲುಜ್ಜಬೇಡಿ. ಮೆತ್ತಗಾದ ಪದರ ಬ್ರಷ್ಷಿನ ಜೊತೆ ಹೋಗುತ್ತದೆ. ನೀರಲ್ಲಿ ಮುಕ್ಕಳಿಸಿ, ಅರ್ಧ ಗಂಟೆ ಬಿಟ್ಟು ಉಜ್ಜಿ. ಬಸುರಿಯರ ವಾಂತಿಗೂ, ಹುಳಿತೇಗಿನ ತೊಂದರೆಗೂ ಇದೇ ಕ್ರಮ. ಅವರು ಒಂದು ಲೋಟ ನೀರಿಗೆ ಒಂದು ಚಿಕ್ಕ ಚಮಚ ಅಡುಗೆ ಸೋಡಾ ಕದಡಿ ಮುಕ್ಕಳಿಸಿದರೆ ಇನ್ನೂ ಒಳ್ಳೆಯದು. ಮೇಲಿನ ಮುಂದಿನ ಹಲ್ಲುಗಳ ಒಳಮೈ, ನಾಲಿಗೆ ತಾಗುವ ಕಡೆ, ನುಣ್ಣಗೆ ಸವೆದಿದ್ದರೆ ಹೊಟ್ಟೆಯ ಹುಳಿಯ ಮೇಲೆ ಅನುಮಾನ ಇರಲಿ.

ಗೋಟಡಿಕೆ ಕಡಿಯುವುದು, ಹುರಿದ ಹುಣಸೆಬೀಜ ಅಗಿಯುವುದು, ನಿದ್ದೆಯಲ್ಲಿ ಹಲ್ಲು ಕಡಿಯುವುದು, ಇವುಗಳ ದಾರಿ ಬೇರೆ. ಇವು ಮೇಲಿನಿಂದ ಎನಾಮೆಲ್ ತೇಯುತ್ತವೆ, ಬಿರುಕು ಬಿಡಿಸುತ್ತವೆ. ದವಡೆ ಹಲ್ಲಿನ ಮೇಲೆ ಹಳದಿ ಬಟ್ಟಲು ಕಂಡರೆ ಅದೇ ಕಾರಣ.

"ಕ್ಲೀನಿಂಗ್ ಮಾಡಿಸಿದ ಮೇಲೇ ಜುಮ್ ಅನ್ನೋಕೆ ಶುರುವಾಯ್ತು, ಹಲ್ಲು ಬೇರೆ ಅಲ್ಲಾಡ್ತಾವೆ" ಎಂಬ ದೂರು ಪ್ರತಿ ಮನೆಯಲ್ಲೂ ಉಂಟು. ದೂರು ನಿಜ, ಕಾರಣ ತಪ್ಪು. ವರ್ಷಗಟ್ಟಲೆ ಕಲ್ಲಿನಂತೆ ಗಟ್ಟಿಯಾದ ಪಾಚಿ ಬೇರಿನ ಮೇಲೆ ಕಂಬಳಿಯ ಹಾಗೆ ಹೊದ್ದುಕೊಂಡಿರುತ್ತದೆ. ಅದರಡಿ ವಸಡು, ಮೂಳೆ ಆಗಲೇ ಕರಗಿರುತ್ತದೆ. ಕಲ್ಲು ತೆಗೆದಾಗ ಬೇರು ಬಯಲಾಗುತ್ತದೆ, ಊತ ಇಳಿದು ಸಂದು ಕಾಣುತ್ತದೆ. ಜುಮ್ಮೆನ್ನುವುದು ಕೆಲವು ದಿನ, ಹೆಚ್ಚೆಂದರೆ ಎರಡು ಮೂರು ವಾರದಲ್ಲಿ ಇಳಿಯುತ್ತದೆ. ಕ್ಲೀನಿಂಗಿಗೆ ಎರಡು ವಾರ ಮುಂಚೆಯೇ ಮೇಲೆ ಹೇಳಿದ ಪೇಸ್ಟ್ ಶುರುಮಾಡಿದರೆ ಆ ದಿನಗಳು ಹಗುರವಾಗುತ್ತವೆ. ಲವಂಗದ ಎಣ್ಣೆ ಇದಕ್ಕೆ ಮದ್ದಲ್ಲ. ಹುಳುಕು ಹಲ್ಲಿನ ನೋವನ್ನು ಒಂದು ರಾತ್ರಿ ಮರಗಟ್ಟಿಸಬಹುದು, ಆದರೆ ನೇರ ವಸಡಿಗೆ ತಾಗಿದರೆ ಸುಡುತ್ತದೆ.

ಎಲ್ಲ ಜುಮ್ಮೂ ಒಂದೇ ಅಲ್ಲ. ತಂಪು ತೆಗೆದ ಕೂಡಲೇ ನಿಂತರೆ, ನಾಲ್ಕಾರು ಹಲ್ಲಿನಲ್ಲಿ ಹಂಚಿಕೊಂಡಿದ್ದರೆ ಈವರೆಗೆ ಹೇಳಿದ್ದು ನಡೆಯುತ್ತದೆ. ತಂಪು ಹೋದ ಮೇಲೂ ಅರ್ಧ ನಿಮಿಷ, ಒಂದು ನಿಮಿಷ ನೋವು ಎಳೆದರೆ, ರಾತ್ರಿ ಮಲಗಿದಾಗ ತಾನಾಗಿ ಟಕಟಕ ಬಡಿದರೆ, ಬಿಸಿಗೆ ಹೆಚ್ಚಾಗಿ ತಣ್ಣೀರು ಹಾಕಿದರೆ ಹಾಯೆನಿಸಿದರೆ, ಒಳಗಿನ ತಿರುಳು ಊದಿಕೊಂಡಿದೆ ಎಂದರ್ಥ. ಅದಕ್ಕೆ ಪೇಸ್ಟ್ ಆಗದು. ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ಆ್ಯಂಟಿಬಯಾಟಿಕ್ ಕೂಡ ಆಗದು, ತಿರುಳಿನ ಉರಿಯೂತದ ನೋವನ್ನು ಅದು ಇಳಿಸುವುದಿಲ್ಲ. ಬಹುಪಾಲು ರೂಟ್ ಕೆನಾಲೇ ದಾರಿ. ಕಚ್ಚಿ ಬಿಡುವಾಗ, ಅದೂ ಬಿಡುವ ಕ್ಷಣದಲ್ಲಿ, ಒಂದೇ ಹಲ್ಲು ಚುಚ್ಚಿದರೆ ಬಿರುಕಿರಬಹುದು. ಹಲ್ಲುಗಳ ನಡುವೆ ಕಪ್ಪು ಕಂಡು ಸಿಹಿಗೆ ನೋಯುವುದು ಹುಳುಕು. ಕೆನ್ನೆ ಊದಿಕೊಂಡರೆ ಅದೇ ದಿನ ಹೋಗಿ.

ನಾಲ್ಕು ವಾರ ಸರಿಯಾಗಿ ಮಾಡಿಯೂ ಇಳಿಯದಿದ್ದರೆ ದಂತವೈದ್ಯರ ಹತ್ತಿರ ಹೋಗುವ ಹೊತ್ತು. ದಾವಣಗೆರೆ ಈ ವಿಷಯದಲ್ಲಿ ಅದೃಷ್ಟದ ಊರು: ಬಾಪೂಜಿ ದಂತ ವೈದ್ಯಕೀಯ ಕಾಲೇಜು, ಕಾಲೇಜ್ ಆಫ್ ಡೆಂಟಲ್ ಸೈನ್ಸಸ್ ಎರಡೂ ಇಲ್ಲೇ ಇವೆ. ಚಿತ್ರದುರ್ಗದಲ್ಲಿ ಎಸ್‌ಜೆಎಂ ದಂತ ಕಾಲೇಜು ಇದೆ. ಕಾಲೇಜಿನ ಹೊರರೋಗಿ ವಿಭಾಗದಲ್ಲಿ ಕೂತು ಕಾಯಬೇಕು, ವಿದ್ಯಾರ್ಥಿಗಳು ನೋಡುತ್ತಾರೆ, ಬಿಡುವು ಮಾಡಿಕೊಂಡೇ ಹೋಗಿ. "ಹಲ್ಲು ನೋವು" ಎಂದಷ್ಟೇ ಹೇಳದೆ ಯಾವ ಹಲ್ಲು, ಯಾವುದಕ್ಕೆ, ಎಷ್ಟು ಸೆಕೆಂಡು, ಯಾವ ಪೇಸ್ಟ್ ಎಷ್ಟು ದಿನ ಎಂದು ಹೇಳಿದರೆ ಅವರ ಅರ್ಧ ಕೆಲಸ ಮುಗಿಯಿತು. ಬಳಸುತ್ತಿದ್ದ ಬ್ರಷ್ಷನ್ನೂ ಜೊತೆಗೆ ಒಯ್ಯಿರಿ.

ಅಲ್ಲಿ ಸಾಮಾನ್ಯವಾಗಿ ಮೊದಲು ಹಚ್ಚುವುದು ಶೇಕಡಾ 5ರ ಸೋಡಿಯಂ ಫ್ಲೋರೈಡ್ ವಾರ್ನಿಷ್. ಭಾರತದಲ್ಲಿ ಪೇಸ್ಟಿನಲ್ಲಿ ಫ್ಲೋರೈಡ್ 1000 ಪಿಪಿಎಂ, ಎಂದರೆ ಹತ್ತು ಲಕ್ಷದಲ್ಲಿ 1000 ಪಾಲು, ಮೀರುವಂತಿಲ್ಲ. ಈ ವಾರ್ನಿಷ್ಷಿನಲ್ಲಿ 22,600. ಸಾಲದಿದ್ದರೆ ಕೊಳವೆಗಳನ್ನು ಮುಚ್ಚುವ ಬೇರೆ ದ್ರಾವಣ, ಅಂಟು. ಉಗುರು ಸಿಕ್ಕುವಷ್ಟು ಗುಳಿ ಇದ್ದರೆ ಹಲ್ಲಿನ ಬಣ್ಣದ ಸಿಮೆಂಟು ತುಂಬುತ್ತಾರೆ. ಉಜ್ಜುವ ರೀತಿ ಬದಲಾಗದಿದ್ದರೆ ಆ ಸಿಮೆಂಟು ಕಿತ್ತುಬರುತ್ತದೆ, ಅಥವಾ ಅದರ ಅಂಚಿನಲ್ಲೇ ಹೊಸ ಗುಳಿ ಬೀಳುತ್ತದೆ. ತುಂಬಾ ಸರಿದ ವಸಡಿಗೆ ಅಂಗುಳಿನಿಂದ ತೆಗೆದ ತುಣುಕನ್ನು ಕಸಿ ಮಾಡುವುದೂ ಉಂಟು. ರಾತ್ರಿ ಹಲ್ಲು ಕಡಿಯುವವರಿಗೆ ಅಳತೆಗೆ ಮಾಡಿದ ಗಾರ್ಡ್ ಕೊಡುತ್ತಾರೆ. ವಾರ್ನಿಷ್ ಹಚ್ಚಿಸಿಕೊಂಡ ದಿನ ನಾಲ್ಕರಿಂದ ಆರು ಗಂಟೆ ಬಿಸಿ ಚಹಾ ಬೇಡ, ಗಟ್ಟಿ ತಿಂಡಿ ಬೇಡ, ರಾತ್ರಿ ಬ್ರಷ್ ಕೂಡ ಬೇಡ. ಹಲ್ಲು ಹಳದಿಯಾಗಿ, ಜಿಗುಟಾಗಿ ಇರುತ್ತದೆ, ಮರುದಿನ ಉಜ್ಜಿದಾಗ ಹೋಗುತ್ತದೆ. ಹಾಗಾಗಿ ಬೆಳಿಗ್ಗೆ ಬೆಣ್ಣೆ ದೋಸೆ ತಿಂದುಕೊಂಡೇ ಹೋಗಿ. ಸಂಜೆಯ ಮಿರ್ಚಿ ನಾಳೆಗಿರಲಿ.